ಡ್ರಿಪ್ ಸ್ಟ್ಯಾಂಡಿಗೆ ಕಟ್ಟಿದ ಭಂಡಾರ

ಪುಣೆಯ ಕೊಂಢವಾದಲ್ಲಿ ಗಾರೆ ಕೆಲಸ ಮಾಡಿಸುತ್ತಿದ್ದ ಆ ಮೇಸ್ತ್ರಿಯನ್ನು ನಮ್ಮ ಐಸಿಯುಗೆ ತಂದಾಗ ಅವರ ಕಾಲುಗಳು ಪೂರ್ತಿ ಸೋತಿದ್ದವು, ಕೈಗಳೂ ಅದೇ ದಾರಿ ಹಿಡಿದಿದ್ದವು. ಸ್ವಲ್ಪ ದಿನಗಳ ಹಿಂದೆ ವಾಂತಿಭೇದಿ ಆಗಿತ್ತಂತೆ. ಅದು ವಾಸಿಯಾಯಿತು ಅನ್ನುವಷ್ಟರಲ್ಲಿ ಪಾದಕ್ಕೆ ಜೋಮು ಹಿಡಿದು, ಆ ಜೋಮು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಏರುತ್ತ ಬಂದಿತ್ತು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ನರಗಳನ್ನು ಕೆಡಿಸುವ ಕಾಯಿಲೆ ಇದು. ಬಹಳ ಜನ ಇದರಿಂದ ಎದ್ದು ನಡೆದಾಡುತ್ತಾರೆ. ಆದರೆ ನರಗಳು ಚೇತರಿಸಿಕೊಳ್ಳುವ ತನಕ ಅವರ ಉಸಿರನ್ನು ಬೇರೆಯವರು ನಡೆಸಿಕೊಡಬೇಕಾಗುತ್ತದೆ.

ನಾನು ಆ ವಿಭಾಗದ ಇನ್‌ಚಾರ್ಜ್ ಸಿಸ್ಟರ್. ಗದಗ ಕಡೆಯ ಕ್ರೈಸ್ತ ಮನೆತನದವಳು, ಬಾಯಿ ಸ್ವಲ್ಪ ಜೋರು. ಕೈ ತೊಳೆಯದೆ ಹಾಸಿಗೆ ಮುಟ್ಟಿದರೆ ದೊಡ್ಡ ಡಾಕ್ಟರನ್ನೂ ಬಿಡುವವಳಲ್ಲ ಎಂದು ಹೆಸರು ಪಡೆದಿದ್ದೇನೆ. ನನ್ನ ಕೈಕೆಳಗಿನವರೆಲ್ಲ ಕೇರಳದವರು, ಮರಾಠಿಯವರು. ಮೇಸ್ತ್ರಿ ಗೋಕಾಕ ಕಡೆಯವರು. ಮರಾಠಿ ಚೆನ್ನಾಗಿಯೇ ಬರುತ್ತಿತ್ತು, ಆದರೆ ಹೆದರಿದ ಮನುಷ್ಯ ತನ್ನ ಮನೆಮಾತಿಗೇ ಬರುತ್ತಾನೆ. ಹಾಗಾಗಿ ಅವರು ಹೆಚ್ಚುಕಡಿಮೆ ನನ್ನ ಪಾಲಿಗೇ ಬಂದರು.

ಇಂಥ ರೋಗಿಗಳನ್ನು ನೋಡಿಕೊಳ್ಳುವಾಗ ನಾವು ಒಂದು ಸರಳ ಪರೀಕ್ಷೆ ಮಾಡುತ್ತೇವೆ. ಒಂದೇ ಉಸಿರಿನಲ್ಲಿ ಎಷ್ಟು ಎಣಿಸಲಾಗುತ್ತದೋ ಎಣಿಸಿ ಅನ್ನುತ್ತೇವೆ. ಮೇಸ್ತ್ರಿ ಕನ್ನಡದಲ್ಲೇ ಎಣಿಸಿದರು. ಬೆಳಿಗ್ಗೆ ಇಪ್ಪತ್ತರ ತನಕ ಹೋಗುತ್ತಿದ್ದ ಎಣಿಕೆ ಸಂಜೆಗೆ ಹತ್ತನ್ನೂ ಮುಟ್ಟಲಿಲ್ಲ. ಕೆಮ್ಮಲು ಹೇಳಿದರೆ ಕೆಮ್ಮು ಗಂಟಲು ದಾಟಲಿಲ್ಲ. ಡಾಕ್ಟರು ಕಾಯಲಿಲ್ಲ, ನಳಿಕೆ ಹಾಕಿ ವೆಂಟಿಲೇಟರಿಗೆ ಜೋಡಿಸಿದರು. ಕೆಲವು ದಿನಗಳ ಮೇಲೆ ಕುತ್ತಿಗೆಯ ಮುಂಭಾಗದಲ್ಲಿ ರಂಧ್ರ ಮಾಡಿ ನಳಿಕೆಯನ್ನು ಅಲ್ಲಿಗೆ ಬದಲಿಸಿದರು. ನರಗಳಿಗೆ ಕೊಡಬೇಕಾದ ಔಷಧ ರಕ್ತಕ್ಕೆ ಹೋಗಿಯಾಗಿತ್ತು. ಇನ್ನು ಕಾಯುವುದೊಂದೇ ಉಳಿದಿತ್ತು.

ಈ ಕಾಯಿಲೆಯ ಕ್ರೌರ್ಯ ಏನೆಂದರೆ ಬುದ್ಧಿಗೆ ಏನೂ ಆಗಿರುವುದಿಲ್ಲ. ಕಿವಿ ಕೇಳುತ್ತದೆ, ಸೂಜಿ ಚುಚ್ಚಿದರೆ ನೋಯುತ್ತದೆ, ಹಾಸಿಗೆಯ ಪಕ್ಕ ನಿಂತು ಯಾರು ಏನಂದರು ಎಂಬುದೆಲ್ಲ ಗೊತ್ತಾಗುತ್ತದೆ. ಮೇಸ್ತ್ರಿಗೆ ಉಳಿದದ್ದು ಕಣ್ಣುಗಳು ಮಾತ್ರ. ರೆಪ್ಪೆಗಳು ಕೂಡ ನಿಧಾನವಾಗಿ, ಅರ್ಧಕ್ಕೇ ಮುಚ್ಚುತ್ತಿದ್ದವು. ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು: ಒಂದು ಸಲ ರೆಪ್ಪೆ ಬಡಿದರೆ ಹೌದು, ಎರಡು ಸಲ ಬಡಿದರೆ ಅಲ್ಲ. ನೋವು ಅದನ್ರಿ? ಮಗ್ಗಲಾ ಬದಲಿಸ್ಲೇನು? ಕಫ ತೆಗೀಲೇನು? ದಿನವಿಡೀ ಇಂಥವೇ ಪ್ರಶ್ನೆಗಳು. ಕಫ ಎಳೆಯುವ ಸಕ್ಷನ್ ಹಾಕಿದಾಗ ಅವರ ನಾಡಿ ಏಕಾಏಕಿ ಕುಸಿಯುತ್ತಿತ್ತು, ಬಿಪಿ ಹುಚ್ಚು ಹಿಡಿದಂತೆ ಏರಿಳಿಯುತ್ತಿತ್ತು. ಆ ಕೆಲಸವನ್ನು ನಾನು ಬೇರೆಯವರಿಗೆ ಬಿಡುತ್ತಿರಲಿಲ್ಲ.

ಅವರ ಹೆಂಡತಿಯನ್ನು ಒಳಗೆ ಬಿಡುತ್ತಿದ್ದುದು ದಿನಕ್ಕೆರಡು ಸಲ, ಸ್ವಲ್ಪ ಹೊತ್ತು. ಆಕೆ ಒಮ್ಮೆ ನಮ್ಮ ಕಣ್ಣು ತಪ್ಪಿಸಿ ಡ್ರಿಪ್ ಸ್ಟ್ಯಾಂಡಿನ ಕೊಕ್ಕೆಗೆ ಹಳದಿ ಬಟ್ಟೆಯ ಸಣ್ಣ ಗಂಟೊಂದನ್ನು ಕಟ್ಟಿ ಹೋಗಿದ್ದಳು. ಪುಣೆ ಹತ್ತಿರದ ಜೇಜುರಿ ಗುಡ್ಡದ ಖಂಡೋಬನ ಭಂಡಾರ, ಅಂದರೆ ಅರಿಸಿನದ ಪುಡಿ. ನಮ್ಮ ಕಡೆ ಮೈಲಾರಲಿಂಗ ಅನ್ನುವ ದೇವರನ್ನೇ ಅಲ್ಲಿ ಖಂಡೋಬ ಅನ್ನುತ್ತಾರೆ, ಗೋಕಾಕದಿಂದಲೂ ಜನ ಅಲ್ಲಿಗೆ ಹೋಗುತ್ತಾರೆ. ಎರಡು ದಿನ ಅದನ್ನು ಯಾರೂ ಗಮನಿಸಿರಲಿಲ್ಲ. ನನ್ನ ಕಣ್ಣಿಗೆ ಬಿದ್ದಾಗ ಬಟ್ಟೆಯ ಸಂದಿಯಿಂದ ಪುಡಿ ಉದುರಿ ದಿಂಬಿನ ಅಂಚು ಹಳದಿಯಾಗಿತ್ತು. ಕುತ್ತಿಗೆಯ ತೆರೆದ ನಳಿಕೆಗೂ ಅದಕ್ಕೂ ಒಂದು ಗೇಣು ಅಂತರ. ನನಗೆ ಮೈಯೆಲ್ಲ ಉರಿದುಹೋಯಿತು. ಗಂಟನ್ನು ಬಿಚ್ಚಿ, ಹೊರಗೆ ಕೂತಿದ್ದ ಆಕೆಯ ಕೈಗೆ ಕೊಟ್ಟು, ಇನ್ನೊಮ್ಮೆ ಹೀಗೆ ಮಾಡಿದರೆ ಒಳಗೆ ಬಿಡುವುದಿಲ್ಲ ಎಂದು ಗದರಿದೆ. ಆಕೆ ಅದನ್ನು ಸೆರಗಿಗೆ ಕಟ್ಟಿಕೊಂಡಳು.

ಕೆಲವು ವಾರಗಳು ಕಳೆದವು. ಭುಜ ಒಂದಿಷ್ಟು ಅಲುಗಾಡತೊಡಗಿತು. ಈಗ ಉಸಿರನ್ನು ಯಂತ್ರದಿಂದ ಬಿಡಿಸುವ ಕೆಲಸ ಶುರು. ವೆಂಟಿಲೇಟರಿನ ಆಸರೆಯನ್ನು ದಿನದಿನಕ್ಕೆ ಇಳಿಸಿ, ಆಮೇಲೆ ಅದರ ಕೊಳವೆಯನ್ನೇ ಕಳಚಿ, ಬರೀ ಆಮ್ಲಜನಕ ಬರುವ ಟಿ-ಪೀಸ್ ಎಂಬ ಸಣ್ಣ ಕೊಳವೆ ಜೋಡಿಸುತ್ತೇವೆ. ಅಲ್ಲಿಂದ ಮುಂದೆ ಎದೆ ತಾನೇ ಏಳಬೇಕು, ಬೀಳಬೇಕು. ಮೊದಲ ದಿನ ಮೇಸ್ತ್ರಿ ಕೆಲವೇ ನಿಮಿಷ ತಡೆದರು. ಹಣೆಯಲ್ಲಿ ಬೆವರು ಸಾಲುಗಟ್ಟಿತು, ನಾಡಿ ಓಡತೊಡಗಿತು, ಕತ್ತಿನ ಸ್ನಾಯುಗಳು ಎಳೆದುಕೊಂಡವು. ಮತ್ತೆ ಯಂತ್ರಕ್ಕೆ ಜೋಡಿಸಿದೆವು. ಮರುದಿನವೂ ಅಷ್ಟೇ. ಯಂತ್ರ ಕಳಚಿದ ಕೂಡಲೆ ಅವರು ಕಣ್ಣುಗಳನ್ನು ಮೇಲಕ್ಕೆತ್ತಿ, ಎಡಕ್ಕೆ, ಮೇಲಿನ ಮೂಲೆಯನ್ನೇ ನೋಡುತ್ತಿದ್ದರು. ಮಾತಾಡಿಸಿದರೂ ಇತ್ತ ತಿರುಗುತ್ತಿರಲಿಲ್ಲ.

ಆ ನೋಟ ನನ್ನನ್ನು ಅಲ್ಲಾಡಿಸಿತು. ಮನುಷ್ಯ ದೇವರನ್ನು ಕರೆಯುತ್ತಿದ್ದಾನೆ ಅಂದುಕೊಂಡೆ. ಆ ಭಾನುವಾರ ನಮ್ಮ ಚರ್ಚಿನ ಕನ್ನಡ ಸಭೆಯ ಪ್ರಾರ್ಥನಾ ಕೂಟದಲ್ಲಿ ಹೆಸರು, ಊರು ಏನೂ ಹೇಳದೆ, ಹೀಗೊಬ್ಬರು ಆಕಾಶದ ಕಡೆ ಕಣ್ಣೆತ್ತಿ ಮಲಗಿದ್ದಾರೆ, ಅವರಿಗಾಗಿ ಬೇಡಿಕೊಳ್ಳಿ ಎಂದೆ. ಮಂಡಿಯೂರಿ ಬೇಡಿದರು. ಕೆಲವರು ಅತ್ತರು. ಸಭೆಯ ಹಿರಿಯರು, ಧಾರವಾಡದಿಂದ ಬಂದು ಪುಣೆಯಲ್ಲೇ ನಿವೃತ್ತರಾದ ಸಾತ್ವಿಕರು, ಕರ್ತನು ಆ ಆತ್ಮವನ್ನು ಹುಡುಕುತ್ತಿದ್ದಾನೆ ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು. ನನಗೂ ಹಾಗೇ ಅನ್ನಿಸಿತು. ಅವರನ್ನು ನನ್ನ ಕೈಗೆ ಒಪ್ಪಿಸಿದ್ದೇ ಇದಕ್ಕಾಗಿ ಅಂದುಕೊಂಡು ಹಿಗ್ಗಿದೆ.

ಮೂರನೆಯ ಸಲವೂ ಯಂತ್ರ ಬಿಡಿಸಲಾಗದೆ ಹೋದ ದಿನ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದಳು. ಡಾಕ್ಟರು ಆಕೆಗೆ ಹೇಳಿದ್ದು ಇಷ್ಟು: ಹೀಗೇ ಬಹಳ ದಿನ ಯಂತ್ರದ ಮೇಲೆ ಉಳಿದರೆ ಸೋಂಕು ಹತ್ತುತ್ತದೆ, ಆಮೇಲೆ ಕಷ್ಟ. ಆಕೆ ಸೆರಗಿನ ಗಂಟು ಬಿಚ್ಚಿ ಭಂಡಾರದ ಹಳದಿ ಬಟ್ಟೆಯನ್ನು ನನ್ನ ಅಂಗೈಯಲ್ಲಿಟ್ಟಳು.

"ಇದನ್ನ ಎಲ್ಲಿಯರ ಒಗದು ಬಿಡ್ರಿ ಅಕ್ಕಾರ. ನೀವು ಅವರ ಮಗ್ಗಲ ಕಣ್ಣು ಮುಚ್ಚಿ ಬೇಡಿಕೊಳ್ಳೂದು ನೋಡೇನಿ. ಅವರನ್ನ ಉಳಸ್ರಿ, ನಾವು ಮನಿ ಮಂದಿ ಎಲ್ಲಾ ನಿಮ್ಮ ಯೇಸುಸ್ವಾಮಿಗೇ ನಡಕೊಂತೀವಿ."

ನನಗಾದದ್ದು ಸಂತೋಷವೋ ಭಯವೋ ಗೊತ್ತಾಗಲಿಲ್ಲ. ನೋಡೋಣ ತಂಗಿ, ಮೊದಲು ಊಟ ಮಾಡು ಎಂದು ಆಕೆಯನ್ನು ಕಳಿಸಿದೆ. ಊಟದ ಬಿಡುವಿನಲ್ಲಿ ಹಿರಿಯರಿಗೆ ಫೋನ್ ಮಾಡಿದೆ. ಬಾಗಿಲು ತಾನಾಗಿ ತೆರೆದಿದೆ, ಇನ್ನು ನೀನು ಹಿಂದೆ ಸರಿಯಬಾರದು, ಆ ಪುಡಿಯನ್ನು ಇವತ್ತೇ ನೀರಿಗೆ ಬಿಡು, ಸಂಜೆ ನಾವು ಉಪವಾಸದಿಂದ ಕೂರುತ್ತೇವೆ ಅಂದರು. ಅವರು ಪ್ರೀತಿಯಿಂದಲೇ ಹೇಳಿದರು, ಇವತ್ತಿಗೂ ನನಗೆ ಅದರಲ್ಲಿ ಸಂದೇಹವಿಲ್ಲ.

ಬೆಡ್‌ಶೀಟು ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೈಯಲ್ಲಿ ಆ ಗಂಟು. ನಮ್ಮ ಮನೆಯಲ್ಲಿ ಇಂಥವನ್ನು ಮುಟ್ಟುತ್ತಿರಲಿಲ್ಲ. ನೆರೆಯವರು ಜಾತ್ರೆಯ ಪ್ರಸಾದ ತಂದರೆ ಅವ್ವ ನಗುನಗುತ್ತ ತೆಗೆದುಕೊಂಡು, ಅವರು ಹೋದ ಮೇಲೆ ಆಕಳಿಗೆ ಹಾಕುತ್ತಿದ್ದಳು. ಅವರ ಮನಸ್ಸೂ ನೋಯಬಾರದು, ತನ್ನ ನೇಮವೂ ಮುರಿಯಬಾರದು. ಈ ಗಂಟನ್ನು ಹಾಕಲು ಇಲ್ಲಿ ಆಕಳಿರಲಿಲ್ಲ. ಏನು ಮಾಡಲಿ ಕರ್ತನೇ ಎಂದು ಕೇಳಿದೆ. ಹೊರಗೆ ಯಾರದೋ ಮಾನಿಟರು ಕೂಗುತ್ತಿತ್ತು, ಅದನ್ನು ಯಾರಾದರೂ ನೋಡಬಾರದೇ ಎಂದು ಸಿಟ್ಟು ಬಂತು.

ಹಾಗೆ ನಿಂತಿದ್ದಾಗ ನೆನಪಾದದ್ದು ಬೈಬಲ್ಲಿನ ಮಾತೂ ಅಲ್ಲ, ಅಪ್ಪನ ಉಪದೇಶವೂ ಅಲ್ಲ. ಹೊಸದಾಗಿ ಸೇರುವ ನರ್ಸುಗಳಿಗೆ ನಾನೇ ಹೇಳಿಕೊಡುವ ಪಾಠ. ಉಸಿರಿಗೆ ಒದ್ದಾಡುತ್ತಿರುವವರಿಂದ ಆಪರೇಷನ್ನಿಗೆ ಒಪ್ಪಿಗೆ ಕೇಳಬೇಡಿ, ಆ ಹೊತ್ತಿನಲ್ಲಿ ಅವರು ಏನು ಕೇಳಿದರೂ ಹೌದು ಅನ್ನುತ್ತಾರೆ. ಕಾಯಲು ಆಗುವುದಾದರೆ ಕಾಯಿರಿ, ಉಸಿರು ನೆಟ್ಟಗಾದ ಮೇಲೆ ಕೇಳಿ. ಹೊಟ್ಟೆಯ ಆಪರೇಷನ್ನಿಗೇ ಇಷ್ಟು ಎಚ್ಚರ ಬೇಕಾದರೆ ದೇವರ ವಿಷಯಕ್ಕೆ ಬೇಡವೇ? ಅದಲ್ಲದೆ ಆ ಹೌದು ಅಂದದ್ದು ಹೆಂಡತಿ. ಮಲಗಿದ್ದ ಮನುಷ್ಯನನ್ನು ನಾನಾಗಲಿ, ಹಿರಿಯರಾಗಲಿ, ಆಕೆಯಾಗಲಿ ಒಂದು ಮಾತು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ನೇರವಾಗಿ ಮೇಸ್ತ್ರಿಯ ಹತ್ತಿರ ಹೋದೆ. ಗಂಟನ್ನು ಅವರ ಕಣ್ಣಿಗೆ ಕಾಣುವಂತೆ ಹಿಡಿದು, ನಿಮ್ಮ ಮನೆಯವರು ಇದನ್ನು ಒಗೆಯಲು ಕೊಟ್ಟಿದ್ದಾರೆ ಎಂದೆ.

"ನಿಮಗ ಒಪ್ಪಿಗಿ ಅದನ್ರಿ ಮೇಸ್ತ್ರಿ?"

ರೆಪ್ಪೆ ಮುಚ್ಚಿತು, ತೆರೆಯಿತು. ನಾನು ಕಾದೆ. ಮತ್ತೊಮ್ಮೆ ಮುಚ್ಚಿತು. ಅಲ್ಲ. ಕಣ್ಣಿನ ಅಂಚಿನಿಂದ ನೀರು ಕಿವಿಯ ಕಡೆ ಹರಿಯಿತು. ಒರೆಸಿಕೊಳ್ಳಲು ಅವರ ಕೈ ಏಳುತ್ತಿರಲಿಲ್ಲ, ನಾನೇ ಒರೆಸಿದೆ. ಆಮೇಲೆ ಅವರ ಕಣ್ಣುಗಳು ಮತ್ತೆ ಆ ಎಡಮೂಲೆಗೆ ಹೋದವು. ನಾನೂ ತಲೆಯೆತ್ತಿ ನೋಡಿದೆ. ಅಲ್ಲಿ ಆಕಾಶ ಇರಲಿಲ್ಲ, ಡ್ರಿಪ್ ಸ್ಟ್ಯಾಂಡಿನ ಖಾಲಿ ಕೊಕ್ಕೆ ಇತ್ತು.

"ಇಷ್ಟ ದಿನಾ ನೀವು ಇದನ್ನ ಹುಡಕತಿದ್ರೇನ್ರಿ?"

ಒಂದೇ ಸಲ ಬಡಿದರು.

ಇಡೀ ಕೂಟ ಮಂಡಿಯೂರಿ ಅತ್ತದ್ದು ನೆನಪಾಗಿ ನನಗೆ ನಗು ಬರುವ ಹಾಗಾಯಿತು, ಅದರ ಹಿಂದೆಯೇ ಅಳುವೂ ಬಂತು. ಸೋಂಕು ತಡೆಯುವ ಹೊಣೆಯಿರುವ ಸಿಸ್ಟರ್ ಹತ್ತಿರ ಹೋಗಿ ಬಿಡಿಸಿ ಹೇಳಿದೆ. ಆಕೆ ಮೂಗು ಮುರಿದರೂ ದಾರಿ ಹೇಳಿದಳು: ಲ್ಯಾಬಿಗೆ ಸ್ಯಾಂಪಲ್ ಕಳಿಸುವ ಪಾರದರ್ಶಕ ಪ್ಯಾಕೆಟಿನಲ್ಲಿ ಹಾಕಿ ಮುಚ್ಚಬೇಕು, ಅದನ್ನು ಇನ್ನೊಂದರಲ್ಲಿ ಹಾಕಿ ಟೇಪು ಸುತ್ತಬೇಕು, ದಿನವೂ ಸ್ಪಿರಿಟಿನಿಂದ ಒರೆಸಬೇಕು, ತಲೆದಿಂಬಿನಿಂದ ದೂರ ಕಾಲಿನ ಕಡೆ ತೂಗಬೇಕು. ಡಾಕ್ಟರು ಭುಜ ಕುಣಿಸಿ, ಪುಡಿ ಹೊರಗೆ ಬರದಿದ್ದರೆ ನನ್ನದೇನೂ ತಕರಾರಿಲ್ಲ ಅಂದರು. ಬೇರೆ ಯಾರಿಗಾದರೂ ಹೇಳಿ ಕಟ್ಟಿಸಬಹುದಿತ್ತು. ನಾನೇ ಕಟ್ಟಿದೆ.

ಹೆಂಡತಿಗೆ ನಾನು ಹೇಳಿದ್ದು ಇಷ್ಟೇ: "ನಮ್ಮ ದೇವರು ಉಸಿರು ಕೊಡಲಿಕ್ಕೆ ಏನೂ ಕೇಳಂಗಿಲ್ಲ ತಂಗಿ. ನಾ ದಿನಾ ಬೇಡಿಕೊಂತೀನಿ. ನೀ ಯಾವ ಮಾತೂ ಕೊಡಬ್ಯಾಡ."

ಹಿರಿಯರಿಗೆ ಸಂಜೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು, ವಿಧೇಯತೆ ಅಂದರೆ ಇದೇನಾ, ಯೋಚನೆ ಮಾಡು ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಇಲ್ಲಿಂದ ಮುಂದೆ ಎಲ್ಲವೂ ಸುಸೂತ್ರವಾಯಿತು ಎಂದು ಬರೆಯುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ಎರಡು ದಿನಕ್ಕೆ ಮೇಸ್ತ್ರಿಗೆ ಜ್ವರ ಬಂತು. ಕಫ ದಪ್ಪಗಾಗಿ ಹಸಿರು ಬಣ್ಣಕ್ಕೆ ತಿರುಗಿತು, ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ತಳ ಬೆಳ್ಳಗಾಗಿತ್ತು. ನ್ಯುಮೋನಿಯಾ. ಯಂತ್ರದ ಆಸರೆಯನ್ನು ಇಳಿಸುವ ಮಾತಿರಲಿ, ಮೊದಲಿಗಿಂತ ಏರಿಸಬೇಕಾಯಿತು. ಕಫದ ಪರೀಕ್ಷೆಯಲ್ಲಿ ಸಿಕ್ಕಿದ್ದು ಐಸಿಯುಗಳಲ್ಲಿ ಯಾವಾಗಲೂ ಕಾಡುವ ರೋಗಾಣು. ಅರಿಸಿನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರೇ ಹೇಳಿದರು. ಆದರೆ ನಮ್ಮ ಕೂಟದ ಒಬ್ಬ ಸಹೋದರಿ ಬೇರೆಯೇ ಹೇಳಿದಳು. ನೀನು ಅದನ್ನು ಕಟ್ಟಿದ ಮೇಲೆ ತಾನೆ ಹೀಗಾದದ್ದು, ಕರ್ತನು ಕೈ ತೆಗೆದಿದ್ದಾನೆ ಎಂದು ಮುಖಕ್ಕೆ ಹೊಡೆದ ಹಾಗೆ ಅಂದಳು. ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆ. ಸುಮ್ಮನಿದ್ದದ್ದು ತಾಳ್ಮೆಯಿಂದಲ್ಲ, ನನಗೂ ಒಳಗೊಳಗೆ ಅದೇ ಹೆದರಿಕೆ ಇತ್ತು.

ಆ ದಿನಗಳಲ್ಲಿ ನಾನು ಮಾಡಿದ ಪ್ರಾರ್ಥನೆಯಲ್ಲಿ ಚೆಂದದ ಮಾತೊಂದೂ ಇರಲಿಲ್ಲ. ಡ್ಯೂಟಿಗೆ ಮುಂಚೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಿದ್ದೆ. ತಪ್ಪು ಮಾಡಿದ್ದರೆ ನನಗೆ ಶಿಕ್ಷೆ ಕೊಡು, ಆ ಮನುಷ್ಯನಿಗೆ ಬೇಡ, ಅವರಿಗೆ ಉಸಿರು ಕೊಡು ಎಂದಷ್ಟೇ. ಆಮೇಲೆ ಒಳಗೆ ಹೋಗಿ ಕೈ ತೊಳೆದು ಕೆಲಸಕ್ಕೆ ನಿಲ್ಲುತ್ತಿದ್ದೆ. ಮಗ್ಗುಲು ಬದಲಿಸುವುದು, ಬೆನ್ನು ತಟ್ಟುವುದು, ಕಫ ಎಳೆಯುವುದು, ಬಾಯಿ ತೊಳೆಸುವುದು, ನಿದ್ದೆಯ ಹೊತ್ತಿಗೆ ಪೂರ್ತಿ ಮುಚ್ಚದ ಕಣ್ಣಿಗೆ ಮುಲಾಮು ಹಚ್ಚಿ ಟೇಪು ಹಾಕುವುದು. ದಿನವೂ ಆ ಪ್ಯಾಕೆಟನ್ನು ಸ್ಪಿರಿಟಿನಿಂದ ಒರೆಸುವುದು. ಒಂದು ಬೆಳಿಗ್ಗೆ ಅದನ್ನು ಬಿಚ್ಚಿಬಿಡೋಣ ಎಂದು ಟೇಪಿನ ತುದಿಗೆ ಉಗುರು ಹಾಕಿದ್ದೂ ಉಂಟು. ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದರು. ಜ್ವರದಲ್ಲಿ ಕೆಂಡದಂತಿದ್ದ ಕಣ್ಣುಗಳು. ಇವರಿಗೆ ಒಂದು ಮಾತು ಕೊಟ್ಟಿದ್ದೇನೆ, ಹೆದರಿಕೆಯಾಯಿತು ಎಂದು ಅದನ್ನು ಹಿಂದಕ್ಕೆ ತೆಗೆದುಕೊಂಡರೆ ನಾನು ಯಾರನ್ನು ನಂಬಿದ ಹಾಗಾಯಿತು? ಉಗುರು ಹಿಂದಕ್ಕೆ ಎಳೆದುಕೊಂಡೆ. ಫಲ ನನ್ನ ಕೈಯಲ್ಲಿಲ್ಲ, ಒರೆಸುವ ಬಟ್ಟೆ ಮಾತ್ರ ನನ್ನ ಕೈಯಲ್ಲಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಔಷಧ ಬದಲಿಸಿದ ಮೇಲೆ ಜ್ವರ ನಿಧಾನವಾಗಿ ಇಳಿಯಿತು. ಡಾಕ್ಟರು ಈ ಸಲ ಕ್ರಮವನ್ನೂ ಬದಲಿಸಿದರು. ಮೊದಲು ಮಲಗಿಸಿಯೇ ಯಂತ್ರ ಕಳಚುತ್ತಿದ್ದೆವು, ಈಗ ದಿಂಬು ಕೊಟ್ಟು ಕೂರಿಸಿದೆವು. ಫಿಸಿಯೊಥೆರಪಿಸ್ಟ್ ಎದೆಯ ಕಫ ಸಡಿಲಿಸಿದ ಮೇಲೇ ಶುರು ಮಾಡುವುದು, ದಣಿಯುವ ಮುಂಚೆಯೇ ಮತ್ತೆ ಜೋಡಿಸುವುದು, ರಾತ್ರಿಯೆಲ್ಲ ಯಂತ್ರಕ್ಕೆ ಬಿಟ್ಟು ವಿಶ್ರಾಂತಿ. ಹೆಂಡತಿಯನ್ನು ಆ ಹೊತ್ತಿಗೆ ಒಳಗೆ ಬಿಡಬೇಕೆಂದು ನಾನು ಹಠ ಹಿಡಿದೆ. ಆಕೆ ಅವರ ಪಾದ ಹಿಡಿದು ಕೂತಳು. ಟಿ-ಪೀಸ್ ಜೋಡಿಸಿದಾಗ ಮೇಸ್ತ್ರಿ ಎದುರಿಗೆ ತೂಗುತ್ತಿದ್ದ ಹಳದಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾಡಿ ಏರಿತು, ಅಲ್ಲಿಗೇ ನಿಂತಿತು. ಎದೆ ಎದ್ದಿತು, ಬಿದ್ದಿತು. ಮತ್ತೆ ಎದ್ದಿತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೇನೆಂದು ಪಕ್ಕದ ಹುಡುಗಿ ಮೊಣಕೈಯಿಂದ ತಿವಿದ ಮೇಲೇ ಗೊತ್ತಾದದ್ದು. ಅಂದಿನಿಂದ ದಿನದಿನಕ್ಕೆ ಹೊತ್ತು ಹೆಚ್ಚುತ್ತ ಹೋಯಿತು, ಕೊನೆಗೆ ವೆಂಟಿಲೇಟರನ್ನು ಪಕ್ಕದ ಹಾಸಿಗೆಗೆ ತಳ್ಳಿಕೊಂಡು ಹೋದರು.

ಇದು ಯಾವುದರಿಂದ ಆಯಿತು ಎಂದು ನಾನು ಹೇಳಲಾರೆ. ಔಷಧ ಇತ್ತು, ಕೂರಿಸಿದ್ದು ಇತ್ತು, ಹೆಂಡತಿಯ ಕೈ ಇತ್ತು. ದೇವರು ಇವೆಲ್ಲದರ ಮೂಲಕ ಕೆಲಸ ಮಾಡಿದನೆಂದು ನಾನು ನಂಬುತ್ತೇನೆ. ಅವರು ಬೇರೆ ಹೆಸರಿನಲ್ಲಿ ನಂಬಿರಬಹುದು, ಅದನ್ನು ನಾನು ಕೇಳಿಲ್ಲ.

ಮಾತಾಡಲು ಬಿಡುವ ಸಣ್ಣ ಮುಚ್ಚಳವನ್ನು ಕುತ್ತಿಗೆಯ ನಳಿಕೆಗೆ ಹಾಕಿದ ದಿನ ಅವರು ಮೊದಲು ನೀರು ಕೇಳಿದರು. ನುಂಗುವುದು ಇನ್ನೂ ಸರಿಯಾಗಿರಲಿಲ್ಲ, ತುಟಿ ಮಾತ್ರ ಒದ್ದೆ ಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ, ಒಡೆದ ದನಿಯಲ್ಲಿ, ನಿಲ್ಲಿಸಿ ನಿಲ್ಲಿಸಿ ಹೇಳಿದರು: "ಎಲ್ಲಾರೂ ನನ್ನ ಬಗ್ಗೆ ಮಾತಾಡತಿದ್ರು ಅಕ್ಕಾರ. ನನ್ನ ಕೇಳಿದವರು ನೀವೊಬ್ರ."

ಅವರು ವಾರ್ಡಿಗೆ ಹೋದರು, ಅಲ್ಲಿಂದ ಗಾಲಿಕುರ್ಚಿಯಲ್ಲಿ ಮನೆಗೆ ಹೋದರು. ನಾನು ಆಸೆ ಬಿಟ್ಟಿರಲಿಲ್ಲ ಎಂಬುದು ನಿಜ. ಯಾವ ಕಟ್ಟುಪಾಡೂ ಇಲ್ಲದೆ, ತಾವಾಗಿಯೇ ಒಂದು ಭಾನುವಾರ ನಮ್ಮ ಸಭೆಯ ಬಾಗಿಲಲ್ಲಿ ಕಾಣಿಸಿಕೊಂಡಾರು ಎಂದು ಎದುರು ನೋಡುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಹೆಂಡತಿಯ ಫೋನ್ ಬಂತು. ಜೇಜುರಿಗೆ ಹೊರಟಿದ್ದೇವೆ, ಹರಕೆ ಇತ್ತು, ಅಣ್ಣತಮ್ಮಂದಿರು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸುತ್ತಾರೆ, ನಿಮಗೆ ಹೇಳದೆ ಹೋಗಬಾರದು ಅಂತ ಅವರೇ ಫೋನ್ ಮಾಡಿಸಿದರು ಅಂದಳು. ಹುಷಾರಾಗಿ ಹೋಗಿಬರ್ರಿ ಎಂದೆ. ಫೋನಿಟ್ಟು ಅಡುಗೆಮನೆಯಲ್ಲಿ ನಿಂತು ಅತ್ತೆ.

ಅಂದು ಮಧ್ಯಾಹ್ನ ಸಭೆಯಲ್ಲಿ ಸಾಕ್ಷಿ, ಅಂದರೆ ದೇವರು ತನಗೆ ಮಾಡಿದ್ದನ್ನು ಹೇಳುವ ಹೊತ್ತು ಬಂದಾಗ ಎದ್ದು ನಿಂತೆ. ಪ್ಯಾಕೆಟಿನದನ್ನೂ ಜ್ವರದ್ದನ್ನೂ ಮುಚ್ಚಿಡಲಿಲ್ಲ, ಅವರು ಈಗ ತಾವೇ ಉಸಿರಾಡುತ್ತಿದ್ದಾರೆ ಎಂದೆ. ಈಗ ಅವರು ಎಲ್ಲಿದ್ದಾರೆ, ಯಾವಾಗ ಕರೆತರುತ್ತೀ ಎಂದು ಹಿಂದಿನಿಂದ ಯಾರೋ ಕೇಳಿದರು.

"ಇವತ್ತ ಜೇಜುರಿಗೆ ಹೋಗ್ಯಾರ್ರಿ. ಉಸಿರು ಕೊಡಪಾ ಅಂತ ಬೇಡಿದ್ದೆ, ಕೊಟ್ಟಾನ. ಆ ಉಸಿರು ತಗೊಂಡು ಅವರು ಎಲ್ಲಿ ಹೋಗಬೇಕು ಅಂತ ನಾ ಬೇಡಿರಲಿಲ್ಲ."

ಸಾಕ್ಷಿ ಮುಗಿದಾಗ ಸ್ತೋತ್ರ ಅನ್ನುವುದು ನಮ್ಮಲ್ಲಿ ರೂಢಿ, ಅವತ್ತು ಅದು ಬರಲಿಲ್ಲ. ನಾನು ಕೂತುಕೊಂಡೆ. ಹಿರಿಯರು ಕುರ್ಚಿಯ ಬೆನ್ನು ಹಿಡಿದು ನಿಧಾನವಾಗಿ ಎದ್ದು, ಪ್ರಾರ್ಥನಾ ಮಾಡೂಣು ಅಂದರು.

"ಕರ್ತನೇ, ನಮ್ಮ ಮೇಸ್ತ್ರಿ ಈ ಹೊತ್ತಿನಾಗ ಆ ಗುಡ್ಡಾ ಹತ್ತತಿರಬಹುದು. ಹೊತ್ತವರ ಕಾಲು ಜಾರದಂಗ ಕಾಯಿ. ಮ್ಯಾಲ ಹೋಗಿ ಮುಟ್ಟೂ ತನಕ ಅವರಿಗೆ ಉಸಿರು ಕಟ್ಟದಂಗ ನೋಡಿಕೊ."

ಎಲ್ಲರೂ ಆಮೆನ್ ಅಂದರು. ನಾನೂ ಅಂದೆ.